ಹಂಚಿನ ಹೊರೆಯೊಡನೆ ಆಗುಂಬೆಗೆ

ಉಡುಪಿಯಿಂದ ತೀರ್ಥಹಳ್ಳಿಗೆ ಹೋಗತಕ್ಕ ಹೆದ್ದಾರಿಯು ಮಣಿಪಾಲದ ಗುಡ್ಡವನ್ನು ಏರಿ ಇಳಿದು, ಪರ್ಕಳ, ಹಿರಿಯಡ್ಕ, ಪೆರ್ಡೂರುಗಳನ್ನು ಹಾದು ಹೆಬ್ರಿಗೆ ಬರುವವರೆಗೆ ಕರಾವಳಿಯ ಉಳಿದ ದಾರಿಗಳಂತೆಯೇ ಇರುವುದು. ಕೆಂಪು ಮುರಕಲ್ಲಿನ ಧರೆ, ತೆಂಗು, ಗೇರು, ನಡುನಡುವೆ ಬೈಲಿನ ಗದ್ದೆ. ಹೆಬ್ರಿಯನ್ನು ದಾಟಿ ಸೀತಾನದಿಯ ಬಳಿಗೆ ಬಂದಮೇಲೆ ಮಾತ್ರ ದಾರಿಯ ಬಣ್ಣ ಬದಲಾಗುತ್ತದೆ. ಮರಗಳು ಎರಡು ಕಡೆಯಿಂದಲೂ ಬಾಗಿ ಬಂದು ಬಿಸಿಲನ್ನು ತಡೆಯುತ್ತವೆ; ಗಾಳಿಯಲ್ಲಿ ತಂಪು ಸೇರುತ್ತದೆ. ಸೋಮೇಶ್ವರದಲ್ಲಿ ಘಟ್ಟದ ಬುಡವನ್ನು ಮುಟ್ಟಿದಾಗ, ತಲೆಯೆತ್ತಿ ನೋಡಿದವನಿಗೆ ಹಸುರಿನ ಒಂದು ಗೋಡೆಯಲ್ಲದೆ ಬೇರೇನೂ ಕಾಣದು. ಆ ಗೋಡೆಯನ್ನು ಹದಿನಾಲ್ಕು ತಿರುವುಗಳಲ್ಲಿ ಹತ್ತಿದರೆ ಆಗುಂಬೆ. ಸಮುದ್ರಮಟ್ಟದಿಂದ ಆರುನೂರು ಮೀಟರಿಗೂ ಮೀರಿದ ಎತ್ತರದಲ್ಲಿರುವ ಈ ಊರಿನಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚಾಗಿ ಮಳೆ ಸುರಿಯುವುದು.

ಈ ಘಟ್ಟದ ತಿರುವುಗಳು ಬಹಳ ಕಿರಿದು. ಆದುದರಿಂದ ಉದ್ದನೆಯ ಭಾರಿ ಲಾರಿಗಳಿಗೆ ಇಲ್ಲಿ ಪ್ರವೇಶವಿಲ್ಲ. ಅವು ಬೇರೆ ಘಟ್ಟಗಳನ್ನು ಹುಡುಕಿಕೊಂಡು ಸುತ್ತಿ ಹೋಗಬೇಕು. ಬಸ್ಸುಗಳೂ ಚಿಕ್ಕ ಗಾತ್ರದವೇ. ಮಲೆನಾಡಿನವರಿಗೆ ಕರಾವಳಿಯಿಂದ ಬರಬೇಕಾದ ತೆಂಗಿನಕಾಯಿ, ಉಪ್ಪು, ಒಣಮೀನು, ಹಂಚು ಇವುಗಳಲ್ಲಿ ಬಹುಭಾಗವು ಪಿಕಪ್ ಎಂದು ಎಲ್ಲರೂ ಕರೆಯುವ ಸಣ್ಣ ಲಾರಿಗಳ ಬೆನ್ನಿನ ಮೇಲೆಯೇ ಘಟ್ಟವನ್ನು ಹತ್ತುತ್ತದೆ. ಹಿಂದೆ ಹೇರೆತ್ತುಗಳು ಮಾಡುತ್ತಿದ್ದ ಕೆಲಸವನ್ನು ಇವು ಮಾಡುತ್ತಿವೆ ಎಂದರೆ ತಪ್ಪಾಗಲಾರದು. ಎತ್ತು ಕುಂಟಿದರೆ ಒಡೆಯನು ಗೊರಸನ್ನು ಎತ್ತಿ ನೋಡುತ್ತಿದ್ದನು. ಪಿಕಪ್ಪು ನರಳಿದರೆ ಮುಸುಡಿಯನ್ನು ಎತ್ತಿ ನೋಡಬೇಕು. ನೋಡಬೇಕಾದುದು ಎಲ್ಲಿ ಎಂಬುದು ಮಾತ್ರ ಅಷ್ಟು ಸುಲಭವಾಗಿ ತಿಳಿಯುವುದಿಲ್ಲ.

ಕಳೆದ ಮೇ ತಿಂಗಳ ಕೊನೆಯ ವಾರದಲ್ಲಿ ನಾನು ಇಂತಹ ಒಂದು ಪಿಕಪ್ಪಿನಲ್ಲಿ ಪೆರ್ಡೂರಿನಿಂದ ಮೇಗರವಳ್ಳಿಯ ಸಮೀಪದಲ್ಲಿರುವ ನನ್ನ ಅಕ್ಕನ ಮನೆಗೆ ಹೊರಟಿದ್ದೆನು. ಅಕ್ಕನ ಮನೆಯ ಅಡಿಗೆಮನೆಯ ಅಂಕಣದ ಮಾಡನ್ನು ಬಿಚ್ಚಿ ಹಾಕಿಯಾಗಿತ್ತು. ಗೆದ್ದಲು ತಿಂದ ಪಕಾಸುಗಳನ್ನು ತೆಗೆದು ಹೊಸವನ್ನು ಕೂಡಿಸಿದ್ದರು. ಹಂಚು ಮಾತ್ರ ಸಾಲದೆ ಬಂದಿತ್ತು. ಪೆರ್ಡೂರಿನಲ್ಲಿ ಒಂದು ಹಳೆಯ ಮನೆಯನ್ನು ಕೆಡವಿದವರು ಹಂಚನ್ನು ಮಾರುತ್ತಿದ್ದಾರೆಂದು ತಿಳಿದು ನಾಲ್ಕುನೂರ ಐವತ್ತು ಹಂಚುಗಳನ್ನು ಕೊಂಡೆವು. ೧೮೬೫ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದಂದಿನಿಂದ ಈ ಕೆಂಪು ಹಂಚು ಕರಾವಳಿಯನ್ನೂ ಮಲೆನಾಡನ್ನೂ ಹೊದಿಸಿದೆ. ಚೆನ್ನಾಗಿ ಬೆಂದ ಹಳೆಯ ಹಂಚು ಬಡಿದರೆ ಕಂಚಿನಂತೆ ದನಿಗೊಡುತ್ತದೆ. ಬಿರುಕು ಬಿಟ್ಟುದಾದರೆ ಮಡಕೆಯ ಓಡಿನಂತೆ ಬೊದ್ದೆನ್ನುತ್ತದೆ. ಒಂದೊಂದನ್ನೂ ಬೆರಳ ಗಣ್ಣಿನಿಂದ ಬಡಿದು ಕೇಳಿಯೇ ಆರಿಸಿದೆವು. ಒಂದು ಹಂಚು ಸುಮಾರು ಎರಡೂವರೆ ಕಿಲೋ ತೂಗುವುದರಿಂದ ಒಟ್ಟು ಹೊರೆ ಒಂದು ಟನ್ನನ್ನು ಮೀರಿತು. ಜೂನ್ ಮೊದಲ ವಾರದಲ್ಲಿ ಮುಂಗಾರು ಕರಾವಳಿಗೆ ಕಾಲಿಡುವುದು ವಾಡಿಕೆ. ಅಷ್ಟರೊಳಗೆ ಮಾಡು ಮುಚ್ಚದಿದ್ದರೆ ಹೊಸ ಪಕಾಸುಗಳೂ ಒಳಗಿನ ಮಣ್ಣಿನ ಗೋಡೆಯೂ ನೆನೆದು ಹೋಗುವುದು ನಿಶ್ಚಯ. ಆಗುಂಬೆಯ ಮಳೆಗೆ ಮಣ್ಣಿನ ಗೋಡೆಯನ್ನು ಬೋಳಾಗಿ ಒಡ್ಡುವುದೆಂದರೇನೆಂಬುದನ್ನು ಅಲ್ಲಿಯವರೇ ಬಲ್ಲರು.

ಪಿಕಪ್ಪಿನ ಒಡೆಯನೇ ಅದರ ಚಾಲಕನು. ಮೂವತ್ತೈದರ ಪ್ರಾಯದ, ಮಿತಭಾಷಿಯಾದ ಮನುಷ್ಯ. ಗಾಡಿ ಹಳೆಯದು, ಹಿಂದಿನ ಕಾಲದ ಡೀಸೆಲ್ ಎಂಜಿನಿನದು. ಹೊರಟು ಒಂದು ಫರ್ಲಾಂಗು ಹೋಗುವಷ್ಟರಲ್ಲಿಯೇ ಅದರ ರೋಗ ನನ್ನ ಕಿವಿಗೆ ಬಿದ್ದಿತು. ಆಕ್ಸಿಲರೇಟರನ್ನು ಒತ್ತಿದೊಡನೆ ಟಿಕ್ ಟಿಕ್ ಟಿಕ್ ಎಂದು, ದೊಡ್ಡ ಗಡಿಯಾರವೊಂದು ಹುಚ್ಚೆದ್ದು ಓಡಿದಂತೆ ಸದ್ದು. ಕಾಲನ್ನು ತೆಗೆದರೆ ಸದ್ದಿಲ್ಲ. ಏರು ಬಂದಿತೆಂದರೆ ಮತ್ತೆ ಟಿಕ್ ಟಿಕ್. ಅದರ ಜೊತೆಗೆ ಗಾಡಿಯ ಒಳಗೆ ಸುಟ್ಟ ಹೊಗೆಯ ಒಂದು ಕಮಟು ವಾಸನೆ. ನಾನು ಕೇಳಿದುದಕ್ಕೆ ಅವನು ಕಣ್ಣನ್ನು ದಾರಿಯಿಂದ ತೆಗೆಯದೆ ಹೇಳಿದನು:

“ಇದು ಇದರ ಕಡೆಯ ಬಾಡಿಗೆ ಮಾಸ್ಟ್ರೇ. ಬೇರಿಂಗ್ ಹೋಗಿದೆಯಂತೆ. ಎಂಜಿನ್ ಇಳಿಸಬೇಕಂತೆ. ಅರುವತ್ತು ಸಾವಿರ ಹೇಳಿದ್ದಾರೆ. ಗುಜರಿಯವರು ನಾಳಿದ್ದು ಬಂದು ನೋಡುತ್ತಾರೆ.”

ಒಂದು ದೊಡ್ಡ ಕಾರ್ಖಾನೆಯಲ್ಲಿ ಮಧ್ಯಾಹ್ನದ ಹೊತ್ತು ಗಾಡಿಯನ್ನು ಹತ್ತು ನಿಮಿಷ ನೋಡಿ ಹೀಗೆ ತೀರ್ಪು ಕೊಟ್ಟಿದ್ದರು. ಗಾಡಿಗಾಗಿ ಮಾಡಿದ ಸಾಲ ತೀರಿ ಇನ್ನೂ ವರ್ಷವಾಗಿರಲಿಲ್ಲವೆಂದೂ, ಮನೆಯಲ್ಲಿ ಎರಡು ಮಕ್ಕಳು ಶಾಲೆಗೆ ಹೋಗುತ್ತಿದ್ದಾರೆಂದೂ, ಇದನ್ನು ಮಾರಿದ ಮೇಲೆ ಬೇರೆಯವರ ಲಾರಿಗೆ ಸಂಬಳಕ್ಕೆ ಸೇರಬೇಕೆಂದಿರುವುದಾಗಿಯೂ ಕೇಳಿ ಕೇಳಿ ತಿಳಿದುಕೊಂಡೆನು. ನನಗಿದ್ದ ಚಿಂತೆ ಇನ್ನೊಂದು: ಬೇರಿಂಗು ನಿಜವಾಗಿಯೂ ಹೋಗಿದ್ದರೆ ಒಂದು ಟನ್ನಿನ ಹೊರೆಯೊಡನೆ ಆಗುಂಬೆಯ ಘಟ್ಟವನ್ನು ಹತ್ತುವುದು ಸಾಧುವೇ? ಎಂಟನೆಯ ತಿರುವಿನಲ್ಲಿ ಎಂಜಿನು ಹಿಡಿದುಕೊಂಡು ನಿಂತರೆ ಹಿಂದೆ ಬರುವವರ ಗತಿಯೇನು, ನಮ್ಮ ಗತಿಯೇನು?

ಹೆಬ್ರಿಯ ಪೇಟೆಯಿಂದ ಸ್ವಲ್ಪ ಈಚೆಗೆ, ಒಂದು ಹಲಸಿನ ಮರದ ಕೆಳಗೆ, ತಗಡಿನ ಮಾಡಿನ ಸಣ್ಣ ಗ್ಯಾರೇಜು ಉಂಟು. ಅಲ್ಲಿಯ ಮೇಸ್ತ್ರಿಗೆ ಅರುವತ್ತು ದಾಟಿರಬೇಕು. ಚಾಲಕನಿಗೆ ಅವರ ಪರಿಚಯವಿತ್ತು. ಅವರ ಬಳಿ ತೋರಿಸಿಯೇ ಮುಂದೆ ಹೋಗುವುದೆಂದು ನಾನು ಹಟ ಹಿಡಿದ ಮೇಲೆ ಗಾಡಿಯನ್ನು ಅಲ್ಲಿ ನಿಲ್ಲಿಸಿದನು.

ಮೇಸ್ತ್ರಿಗಳು ಮುಸುಡಿಯನ್ನು ಎತ್ತಲಿಲ್ಲ. ಮೊದಲು ಪ್ರಶ್ನೆಗಳನ್ನು ಕೇಳತೊಡಗಿದರು. ವೈದ್ಯರು ನಾಡಿಯನ್ನು ಹಿಡಿಯುವ ಮುನ್ನ ಕೇಳುವಂತೆ.

“ಗೇರು ತೆಗೆದು ಹಾಗೆಯೇ ಇಳಿಜಾರಿಗೆ ಬಿಟ್ಟರೆ ಸದ್ದು ಇರುತ್ತದಾ?”

“ಇಲ್ಲ ಮೇಸ್ತ್ರಿಗಳೇ.”

ಇಷ್ಟರಿಂದಲೇ ಅವರು ಅರ್ಧ ಗಾಡಿಯನ್ನು ಸಂಶಯದಿಂದ ಬಿಡುಗಡೆ ಮಾಡಿದರೆಂದು ನನಗೆ ಆಮೇಲೆ ತಿಳಿಯಿತು. ಟಯರಿನ ಸಂದಿಯಲ್ಲಿ ಸಿಕ್ಕಿಕೊಂಡ ಕಲ್ಲು ಕೂಡ ಟಿಕ್ ಟಿಕ್ ಎನ್ನುವುದು. ಚಕ್ರಕ್ಕೆ ಬಲವನ್ನು ಒಯ್ಯುವ ಉದ್ದನೆಯ ಶಾಫ್ಟಿನ ಕ್ರಾಸು ಸವೆದರೂ ಸದ್ದು ಬರುವುದು. ಆದರೆ ಕಲ್ಲಿನ ಸದ್ದು ಚಕ್ರದ ಸುತ್ತಿಗೆ ಕಟ್ಟುಬಿದ್ದಿರುವುದು. ಎಂಜಿನು ದುಡಿಯಲಿ, ಬಿಡಲಿ, ಗಾಡಿ ಉರುಳುತ್ತಿದ್ದರೆ ಸದ್ದೂ ಇದ್ದೇ ಇರುವುದು. ಲೆಕ್ಕವೂ ಬೇರೆಯೇ. ಇಂತಹ ಗಾಡಿಯ ಚಕ್ರದ ಸುತ್ತಳತೆ ಎರಡು ಮೀಟರಿಗೆ ಸ್ವಲ್ಪ ಹೆಚ್ಚು. ಗಂಟೆಗೆ ನಲವತ್ತು ಕಿಲೋಮೀಟರ್ ವೇಗದಲ್ಲಿ ಅದು ಸೆಕೆಂಡಿಗೆ ಐದು ಸುತ್ತು ಸುತ್ತುವುದು. ಎಂಜಿನಾದರೋ ನಿಮಿಷಕ್ಕೆ ಎರಡು ಸಾವಿರ ಸುತ್ತು ತಿರುಗುವಾಗ ಅದರ ಒಂದೊಂದು ಸಿಲಿಂಡರು ಎರಡು ಸುತ್ತಿಗೊಮ್ಮೆಯಂತೆ ಸೆಕೆಂಡಿಗೆ ಸುಮಾರು ಹದಿನೇಳು ಸಲ ಉರಿಯುವುದು. ಬೆರಳಲ್ಲಿ ಎಣಿಸಬಹುದಾದ ಸದ್ದು ಚಕ್ರದ್ದು. ಎಣಿಸಲಾಗದೆ ಹರಿದು ಹೋಗುವ ಸದ್ದು ಎಂಜಿನಿನದು.

“ಬೆಳಿಗ್ಗೆ ತಣ್ಣಗಿರುವಾಗ ಹೆಚ್ಚೋ, ಬಿಸಿಯಾದ ಮೇಲೆ ಹೆಚ್ಚೋ?”

“ಬೆಳಿಗ್ಗೆ ಜೋರು. ಹತ್ತು ಮೈಲಿ ಓಡಿದ ಮೇಲೆ ಸ್ವಲ್ಪ ಕಮ್ಮಿ. ಏರಿನಲ್ಲಿ ಮತ್ತೆ ಜೋರು.”

“ಹಾಗಾದರೆ ಬೇರಿಂಗ್ ಹೇಗೆ ಆದೀತು ಮಾರಾಯ್ರೇ?” ಎಂದು ಮೇಸ್ತ್ರಿಗಳು ನಕ್ಕರು.

ಅವರು ಹೇಳಿದ ಕಾರಣ ಇದು. ಬೇರಿಂಗು ಸವೆದರೆ ಲೋಹ ಲೋಹಕ್ಕೆ ತಾಗದಂತೆ ಕಾಯುವುದು ನಡುವಿನ ಎಣ್ಣೆಯೊಂದೇ. ತಣ್ಣಗಿರುವಾಗ ಎಣ್ಣೆ ದಪ್ಪವಾಗಿದ್ದು ಸದ್ದನ್ನು ಮುಚ್ಚುವುದು. ಕಾದು ತೆಳುವಾದಂತೆ ಸದ್ದು ಏರುವುದು. ಈ ಗಾಡಿಯದು ಅದಕ್ಕೆ ತಿರುಗುಮುರುಗು. ಮೇಲಾಗಿ ಬೇರಿಂಗಿನ ದನಿ ದಪ್ಪ. ಒಳಗಿನಿಂದ ಒನಕೆ ಕುಟ್ಟಿದಂತೆ ದಡ್ ದಡ್ ಎನ್ನುವುದೇ ಹೊರತು ಟಿಕ್ ಎನ್ನುವುದಿಲ್ಲ. ಎಣ್ಣೆಯ ಕಡ್ಡಿಯನ್ನು ಎಳೆದು ನೋಡಿದರು. ಎಣ್ಣೆ ಗೆರೆಯವರೆಗೂ ಇತ್ತು. ಎಣ್ಣೆಯ ಒತ್ತಡದ ಕೆಂಪು ದೀಪವೂ ಹೊತ್ತಿ ಆರುತ್ತಿತ್ತು. ಎಂಜಿನು ಓಡುವಾಗ ಮಿನುಗುತ್ತಿರಲಿಲ್ಲ.

ಇನ್ನು ಉಳಿದ ಸಂಶಯ ಟ್ಯಾಪೆಟ್ಟಿನ ಮೇಲೆ. ವಾಲ್ವುಗಳನ್ನು ಒತ್ತುವ ಆ ತುಂಡುಗಳ ನಡುವಣ ಸಂದು ಹೆಚ್ಚಾದರೆ ಹೊಲಿಗೆಯ ಯಂತ್ರದಂತೆ ಸದ್ದಾಗುವುದುಂಟು. ಆದರೆ ಅದು ಗಾಡಿ ಸುಮ್ಮನೆ ನಿಂತು ಓಡುವಾಗಲೂ ಸ್ಪಷ್ಟವಾಗಿ ಕೇಳುವುದು; ಹೊರೆ ಹೆಚ್ಚಿತೆಂದು ಹೆಚ್ಚಾಗುವುದಿಲ್ಲ. ಮೇಸ್ತ್ರಿಗಳು ಒಂದು ಉದ್ದನೆಯ ಸ್ಕ್ರೂಡ್ರೈವರನ್ನು ತೆಗೆದುಕೊಂಡು ಅದರ ಮೊನೆಯನ್ನು ವಾಲ್ವಿನ ಮುಚ್ಚಳದ ಮೇಲೂ, ಎಂಜಿನಿನ ಮೈಯ ಮೇಲೂ ಒಂದೊಂದಾಗಿ ಇಟ್ಟು, ಹಿಡಿಯನ್ನು ಕಿವಿಗೆ ಒತ್ತಿ ಕೇಳಿದರು. ನನಗೂ ಕೇಳಿಸಿದರು. ಒಳಗಿನ ಓಟವೆಲ್ಲ ಸಮನಾಗಿ, ದೂರದ ಅಕ್ಕಿಯ ಗಿರಣಿಯಂತೆ ಕೇಳುತ್ತಿತ್ತು. ಟಿಕ್ ಎಂಬುದು ಮಾತ್ರ ಲೋಹದೊಳಗಿಂದ ಬರುತ್ತಿರಲಿಲ್ಲ. ಆಮೇಲೆ ಒಂದು ಮೊಳದುದ್ದದ ರಬ್ಬರ್ ಕೊಳವೆಯ ಒಂದು ತುದಿಯನ್ನು ಕಿವಿಯ ಬಳಿ ಹಿಡಿದು, ಇನ್ನೊಂದು ತುದಿಯನ್ನು ಎಂಜಿನಿನ ಮೈಸುತ್ತ ಗಾಳಿಯಲ್ಲಿ ಆಡಿಸುತ್ತ ಹೋದರು. ಹಿಂಬದಿಯ ಸಿಲಿಂಡರಿನ ಹತ್ತಿರ, ಗಾಡಿಯೊಳಗೆ ನಾವು ಕಾಲಿಡುವ ಗೋಡೆಯ ಸಮೀಪದಲ್ಲಿ, ಕೈ ನಿಂತಿತು. ಸ್ಕ್ರೂಡ್ರೈವರು ಲೋಹದಲ್ಲಿ ಹರಿಯುವ ಸದ್ದನ್ನು ತರುವುದು. ಕೊಳವೆ ಗಾಳಿಯಲ್ಲಿ ಬರುವ ಸದ್ದನ್ನು ತರುವುದು. ಒಂದರಲ್ಲಿ ಕೇಳದೆ ಇನ್ನೊಂದರಲ್ಲಿ ಕೇಳಿದರೆ ಅದು ಬಡಿತವಲ್ಲ, ಉಸಿರು.

ಆದರೂ ಅವರು ಅಷ್ಟಕ್ಕೆ ತೃಪ್ತರಾಗಲಿಲ್ಲ. ಹಳೆಯ ಬಗೆಯ ಪಂಪಿನ ಎಂಜಿನಾದುದರಿಂದ ಇಂಜೆಕ್ಟರಿಗೆ ಡೀಸೆಲ್ ಬರುವ ಸಣ್ಣ ಕೊಳವೆಯ ನಟ್ಟನ್ನು ಸಡಿಲಿಸಿ ಒಂದೊಂದೇ ಸಿಲಿಂಡರನ್ನು ‘ಕಟ್’ ಮಾಡಿ ನೋಡಿದರು. ಮೊದಲ ಮೂರನ್ನು ನಿಲ್ಲಿಸಿದಾಗ ಎಂಜಿನು ಕುಂಟಿತೇ ಹೊರತು ಟಿಕ್ ನಿಲ್ಲಲಿಲ್ಲ. ನಾಲ್ಕನೆಯದನ್ನು ನಿಲ್ಲಿಸಿದೊಡನೆ ಸದ್ದು ಅಡಗಿತು. (ಈಚಿನ ಕಾಮನ್ ರೈಲ್ ಎಂಜಿನುಗಳಲ್ಲಿ ಯಾರೂ ಇದನ್ನು ಮಾಡಹೋಗಬಾರದು. ಅವುಗಳ ಕೊಳವೆಯಲ್ಲಿ ಡೀಸೆಲ್ಲು ಗಾಳಿಯ ಒತ್ತಡದ ಸಾವಿರ ಪಾಲಿಗೂ ಮಿಕ್ಕ ಬಲದಲ್ಲಿರುವುದು. ಸಂದಿಯಿಂದ ಚಿಮ್ಮಿದರೆ ಚರ್ಮವನ್ನು ಕೊರೆದು ಒಳಹೊಗುವುದು.)

ಮುಂದಿನ ಪರೀಕ್ಷೆಗೆ ಎಂಜಿನು ಆರಬೇಕಾಗಿತ್ತು. ಒಂದೂವರೆ ಗಂಟೆಯ ಕಾಲ ನಾನು ಹೆಬ್ರಿಯ ಪೇಟೆಯನ್ನು ಸುತ್ತಿದೆನು. ಘಟ್ಟದ ಮೇಲಿನವರೂ ಕೆಳಗಿನವರೂ ಸಂಧಿಸುವ ಊರಾದುದರಿಂದ ಇಲ್ಲಿ ತುಳುವೂ ಕುಂದಾಪುರದ ಕಡೆಯ ಕನ್ನಡವೂ ಮಲೆನಾಡಿನ ಕನ್ನಡವೂ ಒಂದೇ ಅಂಗಡಿಯ ಜಗಲಿಯಲ್ಲಿ ಕೇಳಿಬರುತ್ತವೆ. ಕಾರ್ಕಳ ತಾಲೂಕಿನಲ್ಲಿ ಸೇರಿದ್ದ ಈ ಊರು ಈಗ ತಾನೇ ಒಂದು ತಾಲೂಕಿನ ಕೇಂದ್ರವಾಗಿದೆ. ಹೋಟೆಲಿನಲ್ಲಿ ಗೋಳಿಬಜೆ ಬಿಸಿಯಾಗಿತ್ತು, ಚಹಾ ಹದವಾಗಿತ್ತು. ಜನರೆಲ್ಲ ಆಕಾಶವನ್ನೇ ನೋಡುತ್ತಿದ್ದರು. ಕೊಡೆಯ ಅಂಗಡಿಯಲ್ಲಿಯೂ, ಪ್ಲಾಸ್ಟಿಕ್ ಹೊದಿಕೆಯನ್ನು ಅಳೆದು ಕೊಡುವ ಅಂಗಡಿಯಲ್ಲಿಯೂ ಜನ ಕಿಕ್ಕಿರಿದಿತ್ತು. ಮೇಲೆ ಘಟ್ಟದ ನೆತ್ತಿಗೆ ಒಂದು ಬೂದುಬಣ್ಣದ ಮೋಡ ಬಂದು ಕುಳಿತಿತ್ತು. ಭಾವನವರು ದೂರವಾಣಿಯಲ್ಲಿ, ಇಲ್ಲಿ ಗುಡುಗು ಕೇಳುತ್ತಿದೆ, ಎಲ್ಲಿದ್ದೀರಿ ಎಂದು ಎರಡು ಸಲ ವಿಚಾರಿಸಿದರು. ಹೆಬ್ರಿಯಲ್ಲಿ ಎಂದು ಎರಡು ಸಲವೂ ಹೇಳಿದೆನು.

ತಿರುಗಿ ಬರುವಾಗ ಮೇಸ್ತ್ರಿಗಳು ಎಂಜಿನಿನ ಪಕ್ಕದ ಒಂದು ತಗಡಿನ ಕವಚವನ್ನು ಬಿಚ್ಚಿದ್ದರು. ಸಿಲಿಂಡರುಗಳ ಉರಿಹೊಗೆಯನ್ನು ಒಟ್ಟುಗೂಡಿಸಿ ಸೈಲೆನ್ಸರಿಗೆ ಒಯ್ಯುವ ಎರಕದ ಕಬ್ಬಿಣದ ಭಾಗಕ್ಕೆ ಮ್ಯಾನಿಫೋಲ್ಡ್ ಎಂದು ಹೆಸರು. ಅದು ಎಂಜಿನಿಗೆ ಕೂಡುವಲ್ಲಿ, ನಾಲ್ಕನೆಯ ಸಿಲಿಂಡರಿನ ಬಾಯಿಯ ಬಳಿ, ಒಲೆಯ ಮೇಲಣ ಗೋಡೆಯಂತೆ ಕರಿಯ ಮಸಿ ಬೀಸಣಿಗೆಯ ಆಕಾರದಲ್ಲಿ ಚೆಲ್ಲಿಕೊಂಡಿತ್ತು. ಎಂಜಿನನ್ನು ತಣ್ಣಗೇ ಎಬ್ಬಿಸಿ, ಹೊತ್ತಿಸಿದ ಬೀಡಿಯೊಂದನ್ನು ಆ ಸಂದಿನ ಹತ್ತಿರ ಹಿಡಿದರು. ಬೀಡಿಯ ಹೊಗೆ ನೆಟ್ಟಗೆ ಏಳದೆ, ಟಿಕ್ ಎಂದಾಗಲೊಮ್ಮೆ ಪಕ್ಕಕ್ಕೆ ಹಾರುತ್ತಿತ್ತು. ಸದ್ದೂ ಹೊಗೆಯೂ ಒಂದೇ ತಾಳದಲ್ಲಿ ಇದ್ದವು. ಚಾಲಕನು ಬಗ್ಗಿ ಅದನ್ನೇ ನೋಡುತ್ತಿದ್ದನು. ಬಹಳ ಹೊತ್ತು ನೋಡಿದನು.

ಆಗಿದ್ದುದು ಇಷ್ಟು. ಆ ಬಾಯಿಯನ್ನು ಬಿಗಿಹಿಡಿದಿದ್ದ ಎರಡು ಸ್ಟಡ್ಡುಗಳಲ್ಲಿ ಒಂದು ಮುರಿದಿತ್ತು. ಇನ್ನೊಂದರ ನಟ್ಟು ಸಡಿಲವಾಗಿತ್ತು. ನಡುವಣ ಗ್ಯಾಸ್ಕೆಟ್ಟು ಸುಟ್ಟು ಹೋಗಿತ್ತು. ವರ್ಷಗಟ್ಟಲೆ ದಿನವೂ ಕಾದು ಆರಿ, ಕಾದು ಆರಿ, ಎರಕದ ಕಬ್ಬಿಣವು ಹಿಗ್ಗಿ ಕುಗ್ಗುವ ಜಗ್ಗಾಟದಲ್ಲಿ ಕೊನೆಯ ಸ್ಟಡ್ಡುಗಳು ಸೋಲುವುದು ಹಳೆಯ ಗಾಡಿಗಳಲ್ಲಿ ಸರ್ವಸಾಮಾನ್ಯವಂತೆ. ಸುಮ್ಮನೆ ಓಡುವಾಗ ಉರಿಯುವ ಡೀಸೆಲ್ಲು ಸ್ವಲ್ಪವೇ ಆದುದರಿಂದ ಹೊಗೆಯ ಒತ್ತಡವೂ ಸ್ವಲ್ಪ. ಸಂದಿನಿಂದ ನುಸುಳುವುದು ಕಿವಿಗೆ ಬೀಳುವುದಿಲ್ಲ. ಆಕ್ಸಿಲರೇಟರನ್ನು ಒತ್ತಿದಾಗ, ಅದರಲ್ಲಿಯೂ ಹೊರೆ ಹೊತ್ತು ಏರನ್ನು ಹತ್ತುವಾಗ, ಒಂದೊಂದು ಉರಿಯ ಕೊನೆಗೂ ಹೊಗೆ ರಭಸದಿಂದ ನುಗ್ಗುವುದು; ಆ ಚಿಕ್ಕ ಸಂದಿನಲ್ಲಿ ಅದು ಟಿಕ್ ಎನ್ನುವುದು. ಲೋಹ ಕಾದು ಹಿಗ್ಗಿದಾಗ ಸಂದು ಕಿರಿದಾಗಿ ಸದ್ದು ತಗ್ಗುವುದು. ಬೆಳಿಗ್ಗೆ ಜೋರು, ಆಮೇಲೆ ಕಮ್ಮಿ, ಏರಿನಲ್ಲಿ ಮತ್ತೆ ಜೋರು ಎಂಬ ಚಾಲಕನ ಮೂರು ಮಾತುಗಳಲ್ಲಿ ರೋಗದ ವಿವರವೆಲ್ಲ ಇತ್ತು. ಕಾರ್ಖಾನೆಯಲ್ಲಿ ಅವನನ್ನು ಯಾರೂ ಕೇಳಿರಲಿಲ್ಲವಂತೆ.

ಗೃಹಸ್ಥರಾದ ವಾಚಕರು ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಸಂದಿನಿಂದ ಹೊರಬೀಳುವ ಹೊಗೆಯಲ್ಲಿ ಇಂಗಾಲದ ಮಾನಾಕ್ಸೈಡ್ ಎಂಬ ವಿಷವಾಯುವಿದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಡೀಸೆಲ್ ಹೊಗೆಯಲ್ಲಿ ಅದು ಪೆಟ್ರೋಲಿನದಕ್ಕಿಂತ ಕಡಮೆಯಾದರೂ ಇಲ್ಲವೆಂದಲ್ಲ. ಮಳೆಗಾಲದಲ್ಲಿ ಗಾಜನ್ನು ಏರಿಸಿ, ಮಕ್ಕಳನ್ನು ಮಡಿಲಲ್ಲಿ ಕೂಡಿಸಿಕೊಂಡು ಇಂತಹ ಗಾಡಿಗಳಲ್ಲಿ ದೂರ ಹೋಗುವವರು ಉಂಟು. ಒಳಗೆ ಸುಟ್ಟ ಹೊಗೆಯ ಕಮಟು ಬಂದರೆ, ತಲೆ ಭಾರವಾದರೆ, ಕೂಡಲೆ ಗಾಡಿಯನ್ನು ನಿಲ್ಲಿಸಿ ಕೆಳಗಿಳಿಯಬೇಕು. ಈ ಚಾಲಕನಿಗೆ ಎರಡು ತಿಂಗಳಿಂದ ಸಂಜೆಯಾದರೆ ತಲೆನೋವು ಬರುತ್ತಿತ್ತಂತೆ. ಬಿಸಿಲಿನದೆಂದುಕೊಂಡು ಗುಳಿಗೆ ನುಂಗುತ್ತಿದ್ದನು.

ಮುರಿದ ಸ್ಟಡ್ಡನ್ನು ತೆಗೆಯುವುದೇ ಕಷ್ಟದ ಕೆಲಸ. ಅದೃಷ್ಟವಶಾತ್ ಅದರ ಗೋಧಿಕಾಳಿನಷ್ಟು ತುದಿ ಹೊರಗುಳಿದಿತ್ತು. ಮೇಸ್ತ್ರಿಗಳು ತುಕ್ಕು ಬಿಡಿಸುವ ಎಣ್ಣೆಯನ್ನು ಹೊಯ್ದು ಕಾದು, ಮ್ಯಾನಿಫೋಲ್ಡನ್ನು ಕೆಳಗಿಳಿಸಿ, ಆ ತುದಿಗೆ ಒಂದು ನಟ್ಟನ್ನು ತೊಡಿಸಿ ವೆಲ್ಡಿಂಗಿನಿಂದ ಬೆಸೆದರು. ಬೆಸುಗೆಯ ಕಾವಿನಿಂದ ತುಕ್ಕಿನ ಹಿಡಿತ ಸಡಿಲವಾಗುವುದಂತೆ. ಆರಿದ ಮೇಲೆ ಸ್ಪ್ಯಾನರನ್ನು ಹಾಕಿ, ಒಂದು ಕೂದಲೆಳೆಯಷ್ಟು ಬಲಕ್ಕೆ, ಒಂದು ಕೂದಲೆಳೆಯಷ್ಟು ಎಡಕ್ಕೆ ಅಲುಗಿಸುತ್ತ, ಉಸಿರು ಹಿಡಿದು ತಿರುಗಿಸಿದರು. ಕೀರೆಂದು ಸದ್ದು ಮಾಡಿ ಅದು ಬಂದೇ ಬಂದಿತು. ಒಳಗೇ ಮುರಿದುಹೋಗಿದ್ದರೆ ಎಂಜಿನಿನ ತಲೆಯನ್ನೇ ಬಿಚ್ಚಬೇಕಾಗುತ್ತಿತ್ತು. ಉಕ್ಕಿನ ಅಡಿಕೋಲನ್ನು ಮ್ಯಾನಿಫೋಲ್ಡಿನ ಮುಖದ ಮೇಲೆ ನಿಲ್ಲಿಸಿ, ಸೊಟ್ಟಗಾಗಿಲ್ಲವೆಂಬುದನ್ನು ಬೆಳಕಿಗೆ ಹಿಡಿದು ನೋಡಿದರು. ಹೊಸ ಸ್ಟಡ್ಡು, ಹೊಸ ಗ್ಯಾಸ್ಕೆಟ್ಟು, ತುಕ್ಕು ಕಚ್ಚದ ಹಿತ್ತಾಳೆಯ ನಟ್ಟುಗಳು. ಬಿಗಿಯುವಾಗ ನಡುವಿನಿಂದ ತೊಡಗಿ ಎರಡೂ ತುದಿಗೆ, ಎರಡು ಸುತ್ತಾಗಿ. ಇಷ್ಟಕ್ಕೆಲ್ಲ ಅವರು ಕೇಳಿದುದು ಸಾಮಾನೂ ಕೂಲಿಯೂ ಸೇರಿ ಎರಡು ಸಾವಿರ ರೂಪಾಯಿ.

“ನಾಳೆ ಬೆಳಿಗ್ಗೆ ತಣ್ಣಗಿರುವಾಗ ಇನ್ನೊಮ್ಮೆ ಬಿಗಿಯಬೇಕು, ಮರೆಯಬೇಡ” ಎಂದು ಹೇಳಿ ಒಂದು ಸ್ಪ್ಯಾನರನ್ನು ಚಾಲಕನ ಕೈಗೆ ಕೊಟ್ಟರು. “ಇದನ್ನು ಇಳಿಯುವಾಗ ಕೊಟ್ಟರಾಯಿತು.”

ನಾವು ಸೋಮೇಶ್ವರದ ತನಿಖೆಯ ಠಾಣೆಯನ್ನು ದಾಟಿದಾಗ ಮೂರು ಗಂಟೆಯಾಗಿತ್ತು. ಇಲ್ಲಿಯ ಕಾಡು ೧೯೭೪ರಿಂದ ವನ್ಯಜೀವಿಗಳ ಅಭಯಾರಣ್ಯ. ಸಿಂಗಳೀಕಗಳು ಇನ್ನೂ ಉಳಿದಿರುವ ಕೆಲವೇ ಕಾಡುಗಳಲ್ಲಿ ಇದೂ ಒಂದು. ತಿರುವುಗಳ ಸಂಖ್ಯೆಯನ್ನು ಫಲಕಗಳ ಮೇಲೆ ಬರೆದಿದ್ದಾರೆ. ಪ್ರತಿಯೊಂದಕ್ಕೂ ಮೊದಲನೆಯ ಗೇರಿಗೆ ಇಳಿದು, ತಿರುಗಿ, ಎರಡನೆಯದಕ್ಕೆ ಏರಬೇಕು. ಎಂಜಿನು ಹೊರೆಯನ್ನು ಹೊತ್ತು ಗಂಭೀರವಾಗಿ ಮೊರೆಯುತ್ತಿತ್ತು. ಅದರೊಳಗೆ ಟಿಕ್ ಎಂಬ ಸದ್ದು ಸ್ವಲ್ಪವೂ ಇರಲಿಲ್ಲ. ಗಾಜನ್ನು ಇಳಿಸಿದ್ದೆವು. ಜೀರುಂಡೆಗಳ ದನಿ ಗಾಡಿಯ ದನಿಯನ್ನೂ ಮೀರಿ ಕೇಳುತ್ತಿತ್ತು. ಎಡಗಡೆಯ ಕಣಿವೆಯಲ್ಲಿ ಮಂಜು ಮರದಿಂದ ಮರಕ್ಕೆ ಸರಿಯುತ್ತಿತ್ತು. ಒಂಬತ್ತನೆಯ ತಿರುವಿನವರೆಗೆ ಚಾಲಕನು ಮಾತಾಡಲಿಲ್ಲ. ಕಿವಿಯೆಲ್ಲ ಎಂಜಿನಿನ ಮೇಲೆಯೇ ಇತ್ತು. ಆಮೇಲೆ ತಾನಾಗಿಯೇ, ಹಿರಿಯ ಮಗಳು ಈ ವರ್ಷ ಹತ್ತನೆಯ ತರಗತಿ ಎಂದನು.

ಸೂರ್ಯಾಸ್ತವನ್ನು ನೋಡುವ ಕಟ್ಟೆಯ ಬಳಿ ಒಂದು ನಿಮಿಷ ನಿಂತೆವು. ನಿರ್ಮಲವಾದ ದಿನಗಳಲ್ಲಿ ಇಲ್ಲಿಂದ ಅರಬ್ಬೀ ಸಮುದ್ರದ ಗೆರೆ ಕಾಣುವುದುಂಟು. ಆ ದಿನ ಸಮುದ್ರವೂ ಇಲ್ಲ, ಸೂರ್ಯನೂ ಇಲ್ಲ. ಕೆಳಗಿನ ಕರಾವಳಿಯೆಲ್ಲ ಮೋಡದ ಹಾಸಿನಡಿ ಇತ್ತು. ಅಲ್ಲಿಯೇ ಅವನು ದೂರವಾಣಿಯನ್ನು ತೆಗೆದು ಗುಜರಿಯವರಿಗೆ, ಬರುವುದು ಬೇಡವೆಂದು ತಿಳಿಸಿದನು.

ಗುಡ್ಡೆಕೇರಿಯನ್ನು ದಾಟುವಾಗ ನಾಲ್ಕು ಹನಿ ಬಿದ್ದಿತು. ಅಕ್ಕನ ಮನೆಯ ಅಂಗಳವನ್ನು ಮುಟ್ಟಿದಾಗ ಹಂಚು ಹೊದಿಸುವ ಆಳುಗಳು ಏಣಿಯನ್ನು ಒರಗಿಸಿಕೊಂಡು ಕಾದಿದ್ದರು. ಕೈಯಿಂದ ಕೈಗೆ, ಕೈಯಿಂದ ಕೈಗೆ ಹಂಚು ಮೇಲಕ್ಕೆ ಹೋಯಿತು. ಚಾಲಕನೂ ಸಾಲಿನಲ್ಲಿ ನಿಂತನು, ನಾನೂ ನಿಂತೆನು. ಮುಕ್ಕಾಲು ಭಾಗ ಮುಚ್ಚುವಷ್ಟರಲ್ಲಿ ಮಳೆ ಹಿಡಿಯಿತು. ಉಳಿದ ಕಾಲು ಭಾಗಕ್ಕೆ ಪ್ಲಾಸ್ಟಿಕ್ ಹೊದಿಕೆಯನ್ನು ಎಳೆದು ಕಲ್ಲು ಹೇರಿದರು. ಅಕ್ಕ ಆ ಮಾಡಿನ ಕೆಳಗೇ ಒಲೆ ಹೊತ್ತಿಸಿ ಎಲ್ಲರಿಗೂ ಕಾಫಿ ಮಾಡಿದಳು. ಮೂರು ಹಂಚು ದಾರಿಯಲ್ಲಿ ಒಡೆದಿದ್ದವು.

ಮರುದಿನ ನಾನು ಏಳುವ ಹೊತ್ತಿಗೆ ಮಳೆ ನಿಂತು ಅಂಗಳವೆಲ್ಲ ಹೊಳೆಯುತ್ತಿತ್ತು. ಪಿಕಪ್ಪಿನ ಮುಸುಡಿ ತೆರೆದಿತ್ತು. ಒಳಗೆ ತಲೆಯಿಟ್ಟು ಚಾಲಕನು ನಟ್ಟುಗಳನ್ನು ನಡುವಿನಿಂದ ತೊಡಗಿ ಒಂದೊಂದಾಗಿ ಬಿಗಿಯುತ್ತಿದ್ದನು. ಕೊನೆಯ ಎರಡು ಮಾತ್ರ ಕಾಲು ಸುತ್ತು ತಿರುಗಿದವೆಂದು ಹೇಳಿದನು. ಸ್ಪ್ಯಾನರನ್ನು ಒರಸಿ ಮುಂದಿನ ಗೂಡಿನಲ್ಲಿಟ್ಟು, ಅಕ್ಕ ಹೆಬ್ರಿಯ ಮೇಸ್ತ್ರಿಗಳಿಗೆಂದು ಕಟ್ಟಿಕೊಟ್ಟ ಜೇನಿನ ಸೀಸೆಯನ್ನು ಅದರ ಪಕ್ಕದಲ್ಲಿ ಬಟ್ಟೆ ಸುತ್ತಿ ನಿಲ್ಲಿಸಿ, ಎಂಟು ಗಂಟೆಗೆ ಘಟ್ಟ ಇಳಿಯಲು ಹೊರಟನು.